‘ಬರೇ 14 ಸಾವಿರ ಓಡೈತಿ’: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಸೆಡಾನ್‌ಗೆ ನ್ಯಾಯವಾದ ಬೆಲೆ ಎಷ್ಟು?

ಕೊಲ್ಹಾರದಿಂದ ಕಾಕಾನ ಮಗ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದ. ಕೆಂಪು ಬಣ್ಣದ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 2022ರ ಗಾಡಿ, ಪುಣೆಯ ಎಂಎಚ್-12 ನಂಬರ್. ಜೊತೆಗೊಂದು ವಾಯ್ಸ್ ನೋಟ್: “ಅಣ್ಣಾ, ಬರೇ 14 ಸಾವಿರ ಓಡೈತಿ. ಹದಿಮೂರೂವರಿ ಲಕ್ಷ ಅಂತಾನ ಡೀಲರ್. ಇವತ್ತ ಟೋಕನ್ ಕೊಡ್ಲಿಲ್ಲಂದ್ರ ನಾಳಿ ಹೋಗ್ತೈತಂತ. ತಗೊಳ್ಳೇನು?”

ಹಿಂದೆ ಕಾಕಾನ ದನಿಯೂ ಕೇಳಿಸಿತು. “ಹೊಲದ ದರ ಸಾಹೇಬ್ರು ಹೇಳಿದ್ರು, ಗಾಡಿ ದರ ಡೀಲರ್ ಹೇಳ್ತಾನ. ನಾವ್ ಹೇಳೂದು ಯಾವಾಗ?”

ಆ ಮಾತಿಗೆ ಹಿನ್ನೆಲೆ ಇದೆ. ಹಳೆ ಕೊಲ್ಹಾರ ಆಲಮಟ್ಟಿ ಹಿನ್ನೀರಿಗೆ ಹೋಯಿತು, ಜನ ಮೇಲೆ ಬಂದು ಹೊಸ ಊರು ಕಟ್ಟಿಕೊಂಡರು. ಅಣೆಕಟ್ಟೆಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೇ ಹಂತಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದರ ನಿಗದಿ ಮಾಡಿದೆ: ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ್ದಕ್ಕೆ 30 ಲಕ್ಷ. ಹಾಗಾಗಿ ‘ಯೋಗ್ಯ ದರ’ ಅನ್ನುವುದು ಈ ಭಾಗದಲ್ಲಿ ಚಹಾದಂಗಡಿಯ ಮಾತು. ಅದೇ ಅಳತೆಯಲ್ಲಿ ನೋಡಿದರೆ ತಮ್ಮ ಕೇಳುತ್ತಿರುವುದು ಒಂದು ನೀರಾವರಿ ಎಕರೆಯ ಮೂರನೇ ಒಂದು ಭಾಗದ ಬೆಲೆಯ ವಸ್ತು. ಎಕರೆ ನೂರು ವರ್ಷ ಇರುತ್ತದೆ, ಗಾಡಿ ಇರುವುದಿಲ್ಲ.

ಅವನ ಕೈಯಲ್ಲಿ ಮೂರೂವರೆ ಲಕ್ಷ ಇತ್ತು, ಉಳಿದ ಹತ್ತು ಲಕ್ಷ ಸಾಲ. ಹಳೆ ಗಾಡಿಯ ಸಾಲಕ್ಕೆ ಹೊಸ ಗಾಡಿಗಿಂತ ಬಡ್ಡಿ ಜಾಸ್ತಿ. 13 ಪರ್ಸೆಂಟ್ ಅಂತ ಹಿಡಿದರೂ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 22,750 ರೂಪಾಯಿ. ಹತ್ತು ಲಕ್ಷಕ್ಕೆ ಬ್ಯಾಂಕಿಗೆ ಹೋಗುವುದು 13.65 ಲಕ್ಷ. ಬೆಲೆಯಲ್ಲಿ ಒಂದೂವರೆ ಲಕ್ಷ ತಪ್ಪಿದರೆ ತಪ್ಪು ಒಂದೂವರೆ ಲಕ್ಷದ್ದಲ್ಲ, ಎರಡು ಲಕ್ಷದ್ದು.

ನಾನು ಮೆಕ್ಯಾನಿಕಲ್ ಓದಿ ವರದಿಗಾರನಾದವನು. ಡಿಗ್ರಿ ಸರ್ಟಿಫಿಕೇಟು ಉಪಯೋಗಕ್ಕೆ ಬರುವುದು ಇಂಥ ಫೋನ್ ಬಂದಾಗ ಮಾತ್ರ. ಆವತ್ತು ಅವನಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೇಲಿನ ಗೆರೆ, ಕೆಳಗಿನ ಗೆರೆ

“ಆನ್‌ರೋಡ್ 22 ಲಕ್ಷ ಬಿದ್ದಿದ್ದ ಗಾಡಿ ಸಾರ್” ಅಂತ ಮಾರುವವರು ಶುರು ಮಾಡುತ್ತಾರೆ. ಆ 22 ಲಕ್ಷದಲ್ಲಿ ಗಾಡಿ ಎಷ್ಟು, ತೆರಿಗೆ ಎಷ್ಟು?

2022ರ ಜೂನ್‌ನಲ್ಲಿ ವರ್ಟಸ್ ಬಂದಾಗ ಜಿಟಿಯ ಎಕ್ಸ್-ಶೋರೂಂ ಬೆಲೆ 17.92 ಲಕ್ಷ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಗಾಡಿಗೆ ಜೀವಿತಾವಧಿ ತೆರಿಗೆ 17 ಪರ್ಸೆಂಟ್, ಆ ತೆರಿಗೆಯ ಮೇಲೆ 11 ಪರ್ಸೆಂಟ್ ಸೆಸ್. ಅಂದರೆ 3.38 ಲಕ್ಷ. ಮಿಕ್ಕಿದ್ದು ಇನ್ಶೂರೆನ್ಸು, ಚಿಲ್ಲರೆ ಖರ್ಚು. ಮೊದಲ ವರ್ಷದ ಇನ್ಶೂರೆನ್ಸ್ ಎಂದೋ ಮುಗಿದಿದೆ, ಅದಕ್ಕೆ ನಾವು ದುಡ್ಡು ಕೊಡುವ ಮಾತೇ ಇಲ್ಲ.

ಕೆಳಗಿನ ಗೆರೆ ವಿಮೆಯ ಪಟ್ಟಿಯಲ್ಲೇ ಸಿಗುತ್ತದೆ. ಐಡಿವಿ ಅಂತೀವಲ್ಲ, ಗಾಡಿ ಕಳುವಾದರೆ ವಿಮಾ ಕಂಪನಿ ಕೊಡುವ ಮೊತ್ತ, ಅದಕ್ಕೊಂದು ನಿಗದಿತ ಸವಕಳಿ ಲೆಕ್ಕವಿದೆ: ಒಂದರಿಂದ ಎರಡು ವರ್ಷದ ಗಾಡಿಗೆ 20 ಪರ್ಸೆಂಟ್ ಕಡಿತ, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ಈ ಗಾಡಿಗೆ ಮೂರೂವರೆ ವರ್ಷ. 17.92ರಲ್ಲಿ 40 ಪರ್ಸೆಂಟ್ ತೆಗೆದರೆ 10.75 ಲಕ್ಷ. ಈ ಲೆಕ್ಕಕ್ಕೆ ಗಾಡಿ ಎಷ್ಟು ಓಡಿದೆ ಅನ್ನುವುದು ಬೇಕೇ ಇಲ್ಲ, ವಯಸ್ಸಷ್ಟೇ ಸಾಕು. ಮಾರ್ಕೆಟ್ ಬೆಲೆ ಸಾಮಾನ್ಯವಾಗಿ ಇದಕ್ಕಿಂತ ಮೇಲೇ ಇರುತ್ತದೆ. ಎಷ್ಟು ಮೇಲೆ ಅನ್ನುವುದೇ ಚೌಕಾಸಿ.

ಮೇಲಿನ ಗೆರೆಯನ್ನು ಇತ್ತೀಚೆಗೆ ಸರ್ಕಾರವೇ ಕೆಳಗಿಳಿಸಿದೆ. 2025ರ ಸೆಪ್ಟೆಂಬರ್ 22ರ ನಂತರ ಇಂಥ ಗಾಡಿಗಳ ಮೇಲಿನ ಜಿಎಸ್‌ಟಿ ಮತ್ತು ಸೆಸ್ ಸೇರಿ ಇದ್ದ 45 ಪರ್ಸೆಂಟ್ ಹೋಗಿ ಸೀದಾ 40 ಆಯಿತು. ಹೊಸದರ ಬೆಲೆ ಇಳಿದರೆ ಹಳೆಯದರದ್ದೂ ಇಳಿಯಲೇಬೇಕು. ತೆರಿಗೆ ಕಡಿತಕ್ಕೆ ಮೊದಲು ಖರೀದಿಸಿಟ್ಟ ಸ್ಟಾಕಿನ ಮೇಲೆ ಆ ನಷ್ಟವನ್ನು ಹೊರಲು ಯಾವ ಡೀಲರಿಗೂ ಇಷ್ಟವಿರುವುದಿಲ್ಲ. ಅದು ಅವನ ಕಷ್ಟ, ನಮ್ಮದಲ್ಲ.

ಜಿಎಸ್‌ಟಿ ವಿಚಾರ ಬಂತು ಅಂತ ಒಂದು ಅಡ್ಡ ಮಾತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್ ಸಭೆಯಲ್ಲಿ ಜಿಎಸ್‌ಟಿ ಮಂಡಳಿ ಹಳೆ ಗಾಡಿಗಳಿಗೆ 18 ಪರ್ಸೆಂಟ್ ಅಂದಾಗ ಸೋಷಿಯಲ್ ಮೀಡಿಯಾದಲ್ಲಿ ಹಾಹಾಕಾರ ಆಯಿತು. ನಮ್ಮಂಥವರೂ ಓದದೇ ಶೇರ್ ಮಾಡಿದೆವು. ಆ ತೆರಿಗೆ ಬೀಳುವುದು ವ್ಯಾಪಾರಿಯ ಲಾಭಾಂಶದ ಮೇಲೆ, ಪೂರ್ತಿ ಬೆಲೆಯ ಮೇಲಲ್ಲ. ಎರಡು ಲಕ್ಷ ಲಾಭಕ್ಕೆ 36 ಸಾವಿರ. ನೀವು ನಿಮ್ಮ ಸ್ವಂತ ಗಾಡಿಯನ್ನು ಪಕ್ಕದ ಮನೆಯವರಿಗೆ ಮಾರಿದರೆ ಸೊನ್ನೆ. ಹಾಗಾಗಿ “ಸರ್ಕಾರ 18 ಪರ್ಸೆಂಟ್ ಹಾಕೈತ್ರಿ, ನಾವೇನ್ ಮಾಡೋಣು” ಅನ್ನುವ ಡೀಲರಿಗೆ, ನಿನ್ನ ಲಾಭ ಎಷ್ಟು ಅಂತ ವಾಪಸ್ ಕೇಳಬೇಕು.

ನಂಬರ್ ಪ್ಲೇಟಿನ ಬೆಲೆ

ತಮ್ಮನ ಕಣ್ಣಿಗೆ ಬೀಳದೇ ಹೋದದ್ದು ಇದೇ. ಅವನ ಮುಂದೆ ಬೆಂಗಳೂರಿನ ಇನ್ನೊಂದು ಗಾಡಿಯೂ ಇತ್ತು: ಅದೇ ಮಾಡೆಲ್, ಅದೇ ವರ್ಷ, ಒಬ್ಬನೇ ಓನರ್, 46 ಸಾವಿರ ಕಿಲೋಮೀಟರ್, ಕೇಳಿದ ಬೆಲೆ 12.75 ಲಕ್ಷ. “ಅದು ಓಡಿ ಓಡಿ ಸವದೈತಣ್ಣಾ” ಅಂತ ಬದಿಗಿಟ್ಟಿದ್ದ.

ಬೆಂಗಳೂರಿನ ಗಾಡಿಗೆ ಮೊದಲ ಓನರ್ ಕಟ್ಟಿದ 3.38 ಲಕ್ಷ ತೆರಿಗೆ 15 ವರ್ಷದ್ದು. ಅದರಲ್ಲಿ ಹನ್ನೊಂದೂವರೆ ವರ್ಷದ್ದು, ಅಂದರೆ ಎರಡೂವರೆ ಲಕ್ಷಕ್ಕೂ ಮೇಲ್ಪಟ್ಟದ್ದು, ಇನ್ನೂ ಗಾಡಿಯ ಜೊತೆಗೇ ಇದೆ. ಕೊಲ್ಹಾರಕ್ಕೆ ತಂದು ವಿಜಯಪುರದ ಆರ್‌ಟಿಓದಲ್ಲಿ ಹೆಸರು ಬದಲಿಸಿದರೆ ಮುಗಿಯಿತು.

ಪುಣೆಯ ಗಾಡಿ ಹಾಗಲ್ಲ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಹಾಕಿಸಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಅಲ್ಲಿಂದ ಎನ್‌ಓಸಿ ತರಬೇಕು, ಇಲ್ಲಿ ಜೀವಿತಾವಧಿ ತೆರಿಗೆ ಮತ್ತೆ ಕಟ್ಟಬೇಕು. ಗಾಡಿಯ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ, ಆದರೂ ಎರಡು ಲಕ್ಷಕ್ಕಿಂತ ಕಡಿಮೆ ಲೆಕ್ಕ ಹಿಡಿಯಲು ನನಗೆ ಧೈರ್ಯವಿಲ್ಲ. ಅಲ್ಲಿ ಕಟ್ಟಿದ್ದನ್ನು ವಾಪಸ್ ಕೇಳಲು ಅರ್ಜಿ ಹಾಕಿ ಅಲೆಯುವುದು ಬೇರೆ ಕಥೆ. ಸೋಲಾಪುರದ ಗಡಿ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಮದುವೆ, ಆಸ್ಪತ್ರೆ, ಸಂತೆ ಎಲ್ಲಾ ಆ ಕಡೆಯೂ ಉಂಟು. ಆದರೆ ಆರ್‌ಟಿಓ ಲೆಕ್ಕದಲ್ಲಿ ಬೆಂಗಳೂರೇ ಹತ್ತಿರ.

13.5ಕ್ಕೆ ಎರಡು ಸೇರಿಸಿ. ಪುಣೆ ಗಾಡಿಯ ನಿಜವಾದ ಕೇಳಿಕೆ ಹದಿನೈದೂವರೆ ಲಕ್ಷ.

ಕಿಲೋಮೀಟರಿಗೆ ಎಷ್ಟು?

ಈಗ ಉಳಿದ ಪ್ರಶ್ನೆ: 46 ಸಾವಿರ ಮತ್ತು 14 ಸಾವಿರದ ನಡುವಿನ 32 ಸಾವಿರ ಕಿಲೋಮೀಟರ್‌ಗೆ ಎಷ್ಟು ಹೆಚ್ಚು ಕೊಡಬೇಕು? ಅಷ್ಟು ಓಡಿದಾಗ ಗಾಡಿಯಲ್ಲಿ ಏನೇನು ಸವೆಯುತ್ತದೆ ಅಂತ ಕೂಡಿಸಿ ನೋಡೋಣ. ಒಂದು ಸೆಟ್ ಟೈರ್, ನಲವತ್ತು ಸಾವಿರ ರೂಪಾಯಿ. ಬ್ರೇಕ್ ಪ್ಯಾಡ್, ಡಿಸ್ಕ್ ಅಂತ ಇಪ್ಪತ್ತು. ಎರಡು ಸರ್ವಿಸ್, ಮೂವತ್ತು. ಕ್ಲಚ್ಚು, ಸಸ್ಪೆನ್ಶನ್ ಸವಕಳಿಗೆ ಧಾರಾಳವಾಗಿ ನಲವತ್ತು. ಒಟ್ಟು ಒಂದು ಲಕ್ಷ ಮೂವತ್ತು ಸಾವಿರ. ಅಂಕಿ ನನ್ನ ಅಂದಾಜು, ನಿಮ್ಮೂರಿನ ಮೆಕ್ಯಾನಿಕ್ ಹತ್ತು ಸಾವಿರ ಅತ್ತಿತ್ತ ಹೇಳಬಹುದು. ಮೂರು ಲಕ್ಷವಂತೂ ಆಗುವುದಿಲ್ಲ.

ಬೆಂಗಳೂರಿನ 12.75ಕ್ಕೆ 1.3 ಸೇರಿಸಿ, ಪುಣೆ ಗಾಡಿಗೆ ಕಟ್ಟಬೇಕಾದ ತೆರಿಗೆ ಎರಡು ಲಕ್ಷ ಕಳೆದರೆ ಸುಮಾರು 12 ಲಕ್ಷ. ಮೀಟರ್ ಹೇಳುವುದು ನಿಜವಾಗಿದ್ದರೆ ಪುಣೆ ಗಾಡಿಗೆ ಕೊಡಬಹುದಾದ ಗರಿಷ್ಠ ಬೆಲೆ ಅದು.

ಕಡಿಮೆ ಓಡಿದ್ದೇ ಒಳ್ಳೆಯದು ಅನ್ನುವ ನಂಬಿಕೆಯೂ ಅರ್ಧ ಸತ್ಯ. ಮೂರೂವರೆ ವರ್ಷಕ್ಕೆ 14 ಸಾವಿರ ಅಂದರೆ ದಿನಕ್ಕೆ 11 ಕಿಲೋಮೀಟರ್. ಮನೆಯಿಂದ ಆಫೀಸು, ಆಫೀಸಿನಿಂದ ಮನೆ, ಸಿಗ್ನಲ್ಲಿನಲ್ಲಿ ನಿಂತೇ ಅರ್ಧ ಹೊತ್ತು. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್. ಬಿಸಿಯಾಗದ ಎಂಜಿನ್ನಿನಲ್ಲಿ ಪೆಟ್ರೋಲು, ನೀರಿನಂಶ ಆಯಿಲಿಗೆ ಇಳಿಯುತ್ತವೆ. ಸಿಲಿಂಡರಿನೊಳಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಇಂಥ ಟರ್ಬೊ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವಿನ ಮೇಲೆ ಮಸಿ ಕೂರುತ್ತದೆ. ಏಳು ಗೇರಿನ ಡಿಎಸ್‌ಜಿಯ ಒಣ ಕ್ಲಚ್ಚಿಗೆ ಹೈವೇ ಹಿತ, ಟ್ರಾಫಿಕ್ ಹಿಂಸೆ. ಬ್ರೇಕ್ ಆಯಿಲ್ ಗಾಡಿ ನಿಂತರೂ ತೇವ ಹೀರುತ್ತದೆ, ಬ್ಯಾಟರಿ ನಿಂತಲ್ಲೇ ಸಾಯುತ್ತದೆ. ಟ್ಯಾಂಕಿನಲ್ಲಿ ಉಳಿದ ಎಥೆನಾಲ್ ಬೆರೆತ ಪೆಟ್ರೋಲೂ ತೇವ ಎಳೆಯುತ್ತದೆ. ಆ ಎಥೆನಾಲಿನ ಕಬ್ಬು ನಮ್ಮ ಕೃಷ್ಣಾ ದಂಡೆಯದ್ದೇ ಇರಬಹುದು, ಅದು ಇನ್ನೊಂದು ಲೇಖನಕ್ಕೆ. ಕೊರ್ತಿ-ಕೊಲ್ಹಾರ ಸೇತುವೆ ದಾಟಿ ಹುಬ್ಬಳ್ಳಿ ಕಡೆಗೆ ಹೈವೇಯಲ್ಲೇ ಓಡಿದ 46 ಸಾವಿರ ಕಿಲೋಮೀಟರ್, ಪುಣೆಯ ಸಿಗ್ನಲ್ಲಿನ 14 ಸಾವಿರಕ್ಕಿಂತ ಎಂಜಿನ್‌ಗೆ ಹಿತವಾಗಿರಬಹುದು.

ಕಡಿಮೆ ಓಟಕ್ಕೆ ನಿಜವಾಗಿ ದುಡ್ಡು ಸಿಗುವ ಜಾತಿ ಬೇರೆ. 2020ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಇಡೀ ದೇಶಕ್ಕೆ ಬಂದದ್ದು 200 ಮಾತ್ರ, 35.99 ಲಕ್ಷದಂತೆ. ಅಂಥದ್ದರ ಬೆಲೆ ನಿರ್ಧರಿಸುವುದು ಸವಕಳಿಯಲ್ಲ, ಅಪರೂಪ. ವರ್ಟಸ್ ಹಾಗಲ್ಲ, ಹೊಸದು ಬೇಕಂದರೆ ಶೋರೂಮಿನಲ್ಲಿ ಸಿಗುತ್ತದೆ. “ಇಂಥ ಪೀಸ್ ಮತ್ತ ಸಿಗೂದಿಲ್ರಿ” ಅಂದವನಿಗೆ ನಕ್ಕು ಸುಮ್ಮನಾಗಬೇಕು.

ಮೀಟರನ್ನು ಯಾರು ನಂಬಬೇಕು?

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರ್ಕೆಟ್ಟನ್ನೇ ಉದಾಹರಣೆಯಾಗಿಟ್ಟು ಒಂದು ಪ್ರಬಂಧ ಬರೆದರು, 2001ರಲ್ಲಿ ನೊಬೆಲ್ ಪಡೆದರು. ತಿರುಳು ಇಷ್ಟು: ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆಗ ಕೊಳ್ಳುವವನು ಎಲ್ಲಾ ಗಾಡಿಯನ್ನೂ ಅನುಮಾನದ ಬೆಲೆಗೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆ ಗಾಡಿ ಇಟ್ಟುಕೊಂಡವನು ಮಾರುವುದಿಲ್ಲ. ಕೊನೆಗೆ ಮಾರ್ಕೆಟ್ಟಿನಲ್ಲಿ ಉಳಿಯುವುದು ಹುಳುಕೇ.

ಇದಕ್ಕೆ ಮದ್ದು ಮಾಹಿತಿ. ಅಮೆರಿಕದಲ್ಲಿ ಮಾರುವಾಗ ಮೀಟರ್ ಎಷ್ಟಿದೆ ಅಂತ ಬರೆದು ಕೊಡಬೇಕು ಅನ್ನುವ ಫೆಡರಲ್ ಕಾನೂನು 1972ರಿಂದ ಇದೆ. ಬ್ರಿಟನ್‌ನಲ್ಲಿ ವಾರ್ಷಿಕ ತಪಾಸಣೆಯ ದಾಖಲೆ ಮೀಟರ್ ಸಮೇತ ಯಾರು ಬೇಕಾದರೂ ಆನ್‌ಲೈನ್ ನೋಡಬಹುದು. ಬೆಲ್ಜಿಯಂನಲ್ಲಿ ಗ್ಯಾರೇಜಿಗೆ ಹೋದಾಗಲೆಲ್ಲ ಮೀಟರ್ ದಾಖಲಾಗುತ್ತದೆ, ಆ ಪ್ರಮಾಣಪತ್ರ ಇಲ್ಲದೆ ಮಾರುವಂತಿಲ್ಲ.

ನಮ್ಮಲ್ಲಿ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಎಷ್ಟನೇ ಓನರ್, ಸಾಲ ಇದೆಯಾ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಎಲ್ಲಾ ಸಿಗುತ್ತದೆ. ಗಾಡಿ ಎಷ್ಟು ಓಡಿದೆ ಅನ್ನುವುದು ಸಿಗುವುದಿಲ್ಲ. ಹಿಂದೆ ಎಷ್ಟಕ್ಕೆ ಮಾರಾಟವಾಯಿತು ಅನ್ನುವುದೂ ಇಲ್ಲ. ಹೊಲಕ್ಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪಕ್ಕದ ಸರ್ವೆ ನಂಬರಿನ ಕ್ರಯಪತ್ರ ತೆಗೆಸಬಹುದು. ಗಾಡಿಗೆ ನೀವು ಆ್ಯಪಿನಲ್ಲಿ ನೋಡುವುದೆಲ್ಲ ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ. ಹಳೆ ಗಾಡಿ ವ್ಯಾಪಾರಿಗಳು ನೋಂದಾಯಿಸಿಕೊಳ್ಳಬೇಕು, ಗಾಡಿಯ ಓಡಾಟದ ಡಿಜಿಟಲ್ ರಿಜಿಸ್ಟರ್ ಇಡಬೇಕು ಅಂತ ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಅದು ಡೀಲರ್ ಕೈಗೆ ಬಂದ ಮೇಲಿನ ಓಡಾಟಕ್ಕೆ. ಅದಕ್ಕೂ ಮೊದಲಿನ ಮೂರೂವರೆ ವರ್ಷದ ಕಥೆ ಹೇಳುವವನು ಮಾರುವವನೇ.

ಹಾಗಾಗಿ ಗಾಡಿಯನ್ನೇ ಸಾಕ್ಷಿಗೆ ಕರೆಯಬೇಕು. ಟೈರಿನ ಪಕ್ಕೆಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 1822 ಅಂದರೆ 2022ರ 18ನೇ ವಾರ ತಯಾರಾದದ್ದು. 14 ಸಾವಿರಕ್ಕೆ ಟೈರ್ ಸವೆಯುವುದಿಲ್ಲ, ಗಾಡಿಯ ಜೊತೆ ಬಂದ ಟೈರೇ ಇರಬೇಕು. ಸ್ಟೀರಿಂಗ್ ಚರ್ಮ ಮಿರಮಿರ ಮಿಂಚುತ್ತಿದ್ದರೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ, ಪೆಡಲ್ ರಬ್ಬರ್ ನುಣುಪಾಗಿದ್ದರೆ ಅನುಮಾನ ಪಡಿ. ಸ್ಕ್ಯಾನರ್ ಹಾಕಿಸಿ, ಮೀಟರ್ ಬದಲಿಸಿದವನು ಗಾಡಿಯ ಬೇರೆ ಕಂಪ್ಯೂಟರುಗಳಲ್ಲಿ ಉಳಿದ ಅಂಕಿಯನ್ನು ಮರೆತಿರಬಹುದು. ಎಲ್ಲಕ್ಕಿಂತ ಮುಖ್ಯ, ಅಧಿಕೃತ ಸರ್ವಿಸ್ ಸೆಂಟರಿನ ಇತಿಹಾಸ, ದಿನಾಂಕ ಮತ್ತು ಕಿಲೋಮೀಟರ್ ಸಮೇತ. ಮೀಟರ್ ತಿರುಗಿಸಿ ಮಾರುವುದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಇದೆ. ಡೀಲರ್ ಮಾರಿದ್ದರೆ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಆದರೆ ದುಡ್ಡು ಕೊಟ್ಟ ಮೇಲೆ ಓಡಾಡುವುದಕ್ಕಿಂತ ಮೊದಲೇ ಬಗ್ಗಿ ಟೈರ್ ನೋಡುವುದು ಸುಲಭ.

ಅನುಮಾನಕ್ಕೂ ಬೆಲೆ ಕಟ್ಟಬಹುದು. ಮೀಟರ್ ನಿಜವಾದರೆ 12 ಲಕ್ಷ. ಸುಳ್ಳಾಗಿ ಐವತ್ತು ಸಾವಿರ ಓಡಿದ್ದರೆ ಹತ್ತೂವರೆ ಲಕ್ಷ. ಡೀಲರನ್ನು ನೂರಕ್ಕೆ ಎಪ್ಪತ್ತರಷ್ಟು ನಂಬುತ್ತೀರಿ ಅಂದರೆ ಹೇಳಬೇಕಾದ ಬೆಲೆ ಹನ್ನೊಂದೂವರೆ.

ತಮ್ಮ ಮುಂದಿನ ಭಾನುವಾರ ಪುಣೆಗೆ ಹೋಗಿ ನಾಲ್ಕೂ ಟೈರಿನ ಫೋಟೊ ಕಳಿಸಿದ. ನಾಲ್ಕರಲ್ಲೂ 3124. 2024ರ ಆಗಸ್ಟಿನ ಟೈರುಗಳು. “ಪಂಚರ್ ಆಗಿತ್ತಂತ” ಅಂದ. ನಾಲ್ಕೂ? ಸರ್ವಿಸ್ ದಾಖಲೆ ಕೇಳಿದ್ದಕ್ಕೆ ಮೊದಲು ಹತ್ತು ಸಾವಿರ ಟೋಕನ್ ಕೊಡಿ ಅಂದರಂತೆ. ಇವನು ಹನ್ನೊಂದೂವರೆ ಅಂದ, ಅವರು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದರು. ಬೆಂಗಳೂರಿನ ಗಾಡಿಯ ಓನರ್ ಕೇಳುವ ಮೊದಲೇ ಮೂರು ಸರ್ವಿಸ್ ಬಿಲ್ ಕಳಿಸಿದ್ದಾರೆ, ಕಿಲೋಮೀಟರ್ ಸಾಲಾಗಿ ಏರಿದೆ. ಈ ವಾರ ಕಾಕಾನೂ ಜೊತೆಗೆ ಹೊರಟಿದ್ದಾರೆ. ಹನ್ನೆರಡರಿಂದ ಮಾತು ಶುರು ಮಾಡುವುದು ತಾವೇ ಅಂತ ಹೇಳಿದ್ದಾರೆ.