ಒಂದು ಮನೆ, ಎರಡು ಸಂಬಳ

ಬೆಂಗಳೂರಿನಲ್ಲಿ ಬೇರೆ ಬೇರೆ ಕೋಣೆಗಳಲ್ಲಿದ್ದ ಇಬ್ಬರು ಸಂಬಳದಾರರು, ಮದುವೆಯಾಗಿಯೋ ಆಗದೆಯೋ, ಒಂದೇ ಮನೆ ಹಿಡಿದರೆನ್ನೋಣ. ಮೊದಲು ತಲೆಗೆ 12,000 ರೂಪಾಯಿ ಬಾಡಿಗೆ. ಈಗ ಇಬ್ಬರಿಗೂ ಸೇರಿ 18,000. ತಿಂಗಳಿಗೆ 6,000 ಉಳಿಯಿತಲ್ಲವೆ? ಕಾಗದದ ಮೇಲೆ ಉಳಿಯಿತು. ಒಬ್ಬರ ಖರ್ಚು ಒಂದೆಂದಿಟ್ಟುಕೊಂಡರೆ ಒಂದೇ ಮನೆಯ ಇಬ್ಬರು ವಯಸ್ಕರ ಖರ್ಚು ಎರಡಲ್ಲ, ಒಂದೂವರೆ ಎಂಬುದು ಅರ್ಥಶಾಸ್ತ್ರಜ್ಞರಲ್ಲಿ ಬಳಕೆಯಲ್ಲಿರುವ ಒಂದು ಅಳತೆ. ದೀಪ ಒಂದೇ, ಒಲೆ ಒಂದೇ. ಅನ್ನ ಮಾತ್ರ ಎರಡು ಎಲೆಗೆ.

ಆದರೂ ಈ ಹಣ ಬ್ಯಾಂಕಿನ ಪುಸ್ತಕದಲ್ಲಿ ಸುಲಭವಾಗಿ ಕಾಣಿಸದು. ಒಬ್ಬರೇ ಇದ್ದಾಗ ಚಾಪೆ ಸಾಕಾಗಿತ್ತು. ಇಬ್ಬರಾದ ಕೂಡಲೇ ಮಂಚ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಬೇಕೆನಿಸುತ್ತದೆ. ಎಲ್ಲಕ್ಕೂ ಕಂತಿನ ಸೌಕರ್ಯವುಂಟು. ಉಳಿದ 6,000 ಕಂತಿಗೇ ಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಹಾಲು, ತರಕಾರಿ, ಗ್ಯಾಸು, ಕೆಲಸದವರ ಸಂಬಳ ಒಬ್ಬರ ಪಾಲಿಗೆ. ಫ್ರಿಜ್ಜು, ಸ್ಕೂಟರಿನ ಕಂತು ಇನ್ನೊಬ್ಬರ ಪಾಲಿಗೆ. ಇಬ್ಬರೂ ಸಮನಾಗಿಯೇ ಕೊಟ್ಟರು, ಜಗಳವಿಲ್ಲ. ಆದರೆ ಮೂರು ವರ್ಷದ ಮೇಲೆ ನೋಡಿದರೆ ಒಬ್ಬರ ಹಣ ಉಂಡು ಕರಗಿದೆ, ಇನ್ನೊಬ್ಬರದು ವಸ್ತುವಾಗಿ ನಿಂತಿದೆ, ಅದರ ರಶೀದಿಯೂ ಅವರ ಹೆಸರಿನಲ್ಲೇ ಇದೆ. ತರಕಾರಿಯ ಚೀಲ ಹಿಡಿಯುವ ಕೈ ನಮ್ಮಲ್ಲಿ ಯಾರದೆಂದು ಹೇಳಬೇಕಾಗಿಲ್ಲ.

ಮದುವೆಯಿಲ್ಲದೆ ಕೂಡಿ ಬಾಳುವವರಿಗೆ ಇದು ಇನ್ನೂ ಹೆಚ್ಚಿನ ಮಾತು. 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾಯಿದೆ, ಮದುವೆಯಂತೆಯೇ ಬಾಳಿದ ಹೆಣ್ಣಿಗೆ ರಕ್ಷಣೆ ಕೊಡುತ್ತದೆ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ವಾರಸುದಾರರ ಪಟ್ಟಿಯಲ್ಲಿ ಪತ್ನಿಯುಂಟು, ಮದುವೆಯಾಗದ ಜೊತೆಗಾತಿಯಿಲ್ಲ.

ಹಾಗಾದರೆ ಮಾಡುವುದೇನು? ಸಂಬಳ 60,000 ಮತ್ತು 40,000 ಆಗಿದ್ದರೆ ಮನೆಯ ಖರ್ಚಿಗೆ ಅರ್ಧರ್ಧ ಹಾಕುವುದು ನ್ಯಾಯವಲ್ಲ. ಮೂರು ಪಾಲು, ಎರಡು ಪಾಲು ಎಂದು ಒಂದೇ ಗಂಟಿಗೆ ಹಾಕಿ, ಹಾಲಿಗೂ ಫ್ರಿಜ್ಜಿಗೂ ಅದರಿಂದಲೇ ಕೊಡುವುದು ಮೇಲು. ಬಾಡಿಗೆಯಲ್ಲಿ ಉಳಿದದ್ದನ್ನು ಸಂಬಳದ ದಿನವೇ ಇಬ್ಬರೂ ತಂತಮ್ಮ ಹೆಸರಿನ ಆರ್.ಡಿ.ಗೆ ಕಟ್ಟಬೇಕು. ತಿಂಗಳ ಕೊನೆಗೆ ಕಟ್ಟೋಣವೆಂದರೆ ಆಗ ಕಟ್ಟಲು ಏನೂ ಇರುವುದಿಲ್ಲ.

ಇನ್ನು ಮನೆಯ ಅಡ್ವಾನ್ಸು. ಬೆಂಗಳೂರಿನ ಹಳೆಯ ವಾಡಿಕೆಯಂತೆ ಹತ್ತು ತಿಂಗಳ ಬಾಡಿಗೆ ಕೊಟ್ಟರೆ, ಈ ಲೆಕ್ಕದಲ್ಲಿ 1,80,000. ಕರಾರುಪತ್ರದಲ್ಲಿ ಇಬ್ಬರ ಹೆಸರೂ, ಯಾರು ಎಷ್ಟು ಕೊಟ್ಟರೆಂಬುದೂ ಬರೆದಿರಲಿ. ಮನೆಯ ಮಾಲೀಕರು ಹುಬ್ಬೇರಿಸಬಹುದು, ಏರಿಸಲಿ.