ಮಣಿಕಟ್ಟಿನ ಗಂಟಿಗೆ ಗುದ್ದು ಬೇಡ

ಪರೀಕ್ಷೆಗೆ ಓದುತ್ತಿರುವ ಮಗಳು ಕೈ ಮಡಚಿ ತೋರಿಸುತ್ತಾಳೆ: ‘ಅಮ್ಮಾ, ಇಲ್ಲೇನೋ ಗಂಟಾಗಿದೆ ನೋಡು.’ ಮಣಿಕಟ್ಟಿನ ಹಿಂಬದಿಯಲ್ಲಿ ಗೋಲಿಯಷ್ಟು ಉಬ್ಬು. ನೋವಿಲ್ಲ, ಕೆಂಪಾಗಿಲ್ಲ. ತಾಯಿಯ ಮನಸ್ಸು ನೇರ ಕ್ಯಾನ್ಸರಿನತ್ತ ಓಡುತ್ತದೆ. ‘ಬರೆದೂ ಬರೆದೂ ಬಂದದ್ದು’ ಎಂದು ಅಜ್ಜಿ ತೀರ್ಪು ಕೊಡುತ್ತಾರೆ.

ಸಾಮಾನ್ಯವಾಗಿ ಇದು ಗ್ಯಾಂಗ್ಲಿಯಾನ್. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗುವುದೂ ಇಲ್ಲ. ಬರವಣಿಗೆಯಿಂದಲೇ ಬಂತೆನ್ನಲು ಆಧಾರವೂ ಇಲ್ಲ. ಜೀವಶಾಸ್ತ್ರದ ಪಾಠದಲ್ಲಿ ನರಮಂಡಲಕ್ಕೂ ಒಂದು ಗ್ಯಾಂಗ್ಲಿಯಾನ್ ಇದೆಯಲ್ಲ, ಅದಕ್ಕೂ ಇದಕ್ಕೂ ಹೆಸರಷ್ಟೇ ನಂಟು. ಕೈಯಲ್ಲಿ ಏಳುವ ಗಂಟುಗಳಲ್ಲಿ ಇದೇ ಹೆಚ್ಚು. 15ರಿಂದ 40 ವರ್ಷದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತದೆ. ಕೀಲಿನ ಹೊದಿಕೆಯಿಂದಲೋ ಸ್ನಾಯುರಜ್ಜುವಿನ ಕವಚದಿಂದಲೋ ಪುಟ್ಟ ಚೀಲವೊಂದು ಬಲೂನಿನಂತೆ ಹೊರಚಾಚುತ್ತದೆ. ಸಣ್ಣ ತೊಟ್ಟೊಂದು ಅದನ್ನು ಕೀಲಿಗೆ ಅಂಟಿಸಿರುತ್ತದೆ. ಒಳಗಿರುವುದು ಲೋಳೆಸರದ ತಿರುಳಿನಂಥ ಮಂದ ದ್ರವ. ಕೈಗೆ ಕೆಲಸ ಹೆಚ್ಚಿದ ದಿನ ಗಂಟು ಉಬ್ಬಿ, ವಿಶ್ರಾಂತಿ ಸಿಕ್ಕಾಗ ಇಳಿಯುವುದೂ ಉಂಟು.

ವೈದ್ಯರು ಕತ್ತಲೆ ಕೋಣೆಯಲ್ಲಿ ಗಂಟಿಗೆ ಟಾರ್ಚ್ ಒತ್ತಿ ಹಿಡಿಯುತ್ತಾರೆ. ದ್ರವವಿದ್ದರೆ ಬೆಳಕು ಹಾದು ಗಂಟು ಬೆಳಗುತ್ತದೆ. ಗಟ್ಟಿ ಗಡ್ಡೆಯಾದರೆ ಬೆಳಗದು. ಅನುಮಾನ ಉಳಿದರೆ ಅಲ್ಟ್ರಾಸೌಂಡ್. ಮನೆಯಲ್ಲೇ ಟಾರ್ಚ್ ಹಿಡಿದು ತೀರ್ಮಾನಕ್ಕೆ ಬರುವುದು ಸಲ್ಲದು.

ಹಿಂದೆ ಇಂಗ್ಲಿಷ್ ಮಾತಾಡುವ ನಾಡುಗಳಲ್ಲಿ ಮನೆಯ ದಪ್ಪ ಬೈಬಲ್ ಎತ್ತಿ ಗಂಟಿನ ಮೇಲೆ ಕುಕ್ಕುತ್ತಿದ್ದರು. ‘ಬೈಬಲ್ ಬಂಪ್’ ಎಂಬ ಹೆಸರೇ ಅಂಟಿತು. ಕುಕ್ಕಿದರೆ ಚೀಲವೇನೋ ಒಡೆಯುತ್ತದೆ. ತೊಟ್ಟು ಉಳಿದಿರುವುದರಿಂದ ಮತ್ತೆ ತುಂಬಿಕೊಳ್ಳುತ್ತದೆ. ಮಣಿಕಟ್ಟಿನ ಸಣ್ಣ ಮೂಳೆ ಮುರಿದರಂತೂ ಅದು ಬೇರೆಯೇ ರಗಳೆ. ಮನೆಯಲ್ಲಿ ಸೂಜಿ ಚುಚ್ಚುವುದು ಇನ್ನೂ ಅಪಾಯ: ಕೀಲಿಗೇ ಸೋಂಕು ತಗಲಬಹುದು. ನಾಡಿ ಹಿಡಿದು ನೋಡುವ ಕಡೆ ಏಳುವ ಗಂಟಿನ ಪಕ್ಕದಲ್ಲೇ ರಕ್ತನಾಳವಿರುತ್ತದೆ.

ಹಾಗಾದರೆ ಮದ್ದೇನು? ಬಹುಮಟ್ಟಿಗೆ ಕಾಯುವುದೇ. ಸುಮಾರು ಅರ್ಧದಷ್ಟು ಗಂಟುಗಳು ತಾವಾಗಿ ಕರಗುತ್ತವೆ. ತಿಂಗಳುಗಳೇ, ಕೆಲವೊಮ್ಮೆ ವರ್ಷಗಳೇ ಹಿಡಿಯಬಹುದು. ನೋವಿದ್ದರೆ ವೈದ್ಯರು ಸೂಜಿಯಿಂದ ದ್ರವ ಹೀರಿ ತೆಗೆಯುತ್ತಾರೆ, ಆದರೆ ಹಲವರಲ್ಲಿ ಗಂಟು ಮರಳುತ್ತದೆ. ತೊಟ್ಟು ಸಮೇತ ಕತ್ತರಿಸಿ ತೆಗೆದರೆ ಮರಳುವ ಸಂಭವ ಕಡಿಮೆ. ಆದರೂ ಕಲೆ ಉಳಿಯುತ್ತದೆ, ಕೆಲವು ವಾರ ಕೈ ಬಿಗಿಯುತ್ತದೆ. ಕೇವಲ ಅಂದಕ್ಕಾಗಿಯಾದರೆ ಪರೀಕ್ಷೆಯ ಹೊಸ್ತಿಲಲ್ಲಿ ಮಾಡಿಸಿಕೊಳ್ಳುವ ಕೆಲಸವಲ್ಲ.

ಹೊಸ ಗಂಟು ಯಾವುದೇ ಇರಲಿ, ಒಮ್ಮೆ ವೈದ್ಯರಿಗೆ ತೋರಿಸಬೇಕು. ಅದು ಬೇಗಬೇಗ ಬೆಳೆಯುತ್ತಿದ್ದರೆ, ಕೆಂಪಾಗಿ ಬಿಸಿಯಾದರೆ, ಬೆರಳು ಜೋಮು ಹಿಡಿದರೆ ಅಥವಾ ಪೆನ್ನು ಹಿಡಿಯಲಾಗದಷ್ಟು ನೋವಿದ್ದರೆ ಪರೀಕ್ಷೆ ಮುಗಿಯಲೆಂದು ಕಾಯದೆ ಅಂದೇ ಹೋಗುವುದು ಲೇಸು.