ಕಸಿಯ ಚಾಕುವಿಗೆ ಉಕ್ಕಿನ ಪಟ್ಟಿ: ಅದರ ದಪ್ಪ ಮತ್ತು ಮೈಶುದ್ಧಿ

ಮಾವು, ಸಪೋಟ, ಗುಲಾಬಿ ಮೊದಲಾದ ಗಿಡಗಳಿಗೆ ಕಸಿ ಕಟ್ಟತಕ್ಕ ತೋಟಗಾರನ ಚಾಕು ನೆಟ್ಟಗಿಲ್ಲದಿದ್ದರೆ ಅವನ ಉಳಿದ ಶ್ರಮವೆಲ್ಲವೂ ವ್ಯರ್ಥವಾಗುವುದುಂಟು. ತೊಗಟೆಗೂ ಮರಕ್ಕೂ ನಡುವೆ ಬಹು ತೆಳುವಾದ ಎಳೆಯ ಪದರವೊಂದಿದೆ. ಹೊಸ ಮರವೂ ಹೊಸ ತೊಗಟೆಯೂ ಹುಟ್ಟುವುದು ಅದರಿಂದಲೇ. ಬೇರುಗಿಡದ ಪದರವೂ ಕುಡಿಯ ಪದರವೂ ಒಂದಕ್ಕೊಂದು ತಗುಲಿಕೊಂಡಿದ್ದರೆ ಮಾತ್ರ ಕಸಿ ಕೂಡುತ್ತದೆ. ಕೊಯ್ತವು ಒಂದೇ ಎಳೆತದಲ್ಲಿ ಹಲಗೆಯಂತೆ ಸಮನಾಗಿ ಬಂದರೆ ಎರಡು ಗಾಯಗಳ ನಡುವೆ ಸಂದು ಉಳಿಯುವುದಿಲ್ಲ. ಅಲೆಅಲೆಯಾಗಿ ಬಂದರೆ ಸಂದಿನಲ್ಲಿ ಗಾಳಿ ನಿಂತು ಗಾಯವು ಒಣಗುತ್ತದೆ. ಆಗ ದೋಷವನ್ನು ಗಿಡದ ಮೇಲೆಯೋ ಹವೆಯ ಮೇಲೆಯೋ ಹೊರಿಸುವುದು ವಾಡಿಕೆ. ಅನೇಕ ವೇಳೆ ದೋಷವಿರುವುದು ಚಾಕುವಿನಲ್ಲಿ.

ಬಿಡುವಿನ ಕಾಲದಲ್ಲಿ ತಮ್ಮ ಚಾಕುವನ್ನು ತಾವೇ ಮಾಡಿಕೊಳ್ಳುವ ಹವ್ಯಾಸವು ಕೆಲವರು ತೋಟಗಾರರಲ್ಲಿ ಉಂಟು. ಇದು ಒಳ್ಳೆಯ ಹವ್ಯಾಸವೇ ಸರಿ. ಆದರೆ ಇಂಥವರು ಹಿಡಿಯ ಅಂದಕ್ಕೆ ಕೊಡುವ ಗಮನವನ್ನು ಪಟ್ಟಿಯ ದಪ್ಪಕ್ಕೂ ಅದರ ಮೈಗೂ ಕೊಡುವುದಿಲ್ಲ.

ಮೊದಲು ದಪ್ಪದ ವಿಷಯ. ದಪ್ಪವಾದ ಅಲಗು ಬಲವಾದದ್ದೆಂಬ ನಂಬಿಕೆ ಸಾಮಾನ್ಯವಾಗಿದೆ. ತೆಂಗಿನಕಾಯಿ ಒಡೆಯುವ ಮಚ್ಚಿಗೆ ಇದು ಸಲ್ಲುತ್ತದೆ. ಕಸಿಯ ಚಾಕುವಿಗೆ ಸಲ್ಲುವುದಿಲ್ಲ. ಈ ಚಾಕುವಿನ ಒಂದು ಮಗ್ಗುಲು ಪೂರ್ತಿ ಚಪ್ಪಟೆಯಾಗಿದ್ದು, ಇಳಿಜಾರು ಇನ್ನೊಂದು ಮಗ್ಗುಲಿನಲ್ಲಿ ಮಾತ್ರ ಇರತಕ್ಕದ್ದು. ಚಪ್ಪಟೆಯ ಮಗ್ಗುಲು ಕುಡಿಯ ಮೇಲೆ ಒರಗಿಕೊಂಡು ನಡೆಯುವುದರಿಂದಲೇ ಕೊಯ್ತವು ಸಮನಾಗುತ್ತದೆ. ಬೆನ್ನಿನ ದಪ್ಪ 2 ಮಿ.ಮೀ. ಇದ್ದು, ಬೆನ್ನಿನವರೆಗೂ ಏರುವ ಇಳಿಜಾರಿನ ಅಗಲ 6 ಮಿ.ಮೀ. ಇದ್ದರೆ ಬಾಯಿಯ ಕೋನವು ಸುಮಾರು 18 ಡಿಗ್ರಿಯಾಗುತ್ತದೆ. ಹಸಿಕೊಂಬೆಗೆ ಇದು ಯೋಗ್ಯವಾದ ಕೋನ. ಪಟ್ಟಿಯು 4 ಮಿ.ಮೀ. ದಪ್ಪವಿದ್ದರೆ ಅದೇ ಕೋನಕ್ಕಾಗಿ ಇಳಿಜಾರನ್ನು 12 ಮಿ.ಮೀ. ಅಗಲ ಮಾಡಬೇಕು. ದಪ್ಪ ಎರಡರಷ್ಟು, ಅಗಲ ಎರಡರಷ್ಟು. ಆದಕಾರಣ ಅರೆದು ತೆಗೆಯಬೇಕಾದ ಉಕ್ಕು ನಾಲ್ಕರಷ್ಟು! ಸಾಣೆಯ ಮುಂದೆ ಕುಳಿತವನ ತಾಳ್ಮೆ ಅಷ್ಟು ದೂರ ಬರುವುದಿಲ್ಲ. ಅವನು ಕೋನವನ್ನು ಮೊಂಡಾಗಿಯೇ ಬಿಡುತ್ತಾನೆ, ಚಾಕುವು ಕೊಂಬೆಯನ್ನು ಕೊಯ್ಯುವ ಬದಲು ಸೀಳುತ್ತದೆ.

ತೀರ ತೆಳ್ಳಗಿನ ಪಟ್ಟಿಯೂ ಆಗದು. ಕೈಗರಗಸದ ಅಲಗು ಸುಮಾರು 0.6 ಮಿ.ಮೀ. ಮಾತ್ರ ದಪ್ಪವಿರುತ್ತದೆ. ಬಾಗದೆ ನಿಲ್ಲುವ ಶಕ್ತಿಯು ದಪ್ಪದ ಘನದಂತೆ ಹೆಚ್ಚುಕಡಮೆಯಾಗುವುದರಿಂದ, 0.6 ಮಿ.ಮೀ. ಅಲಗಿಗಿಂತ 2 ಮಿ.ಮೀ. ಅಲಗು ಸುಮಾರು ಮೂವತ್ತೇಳರಷ್ಟು ಗಡುಸಾಗಿರುತ್ತದೆ. ಬಾಗುವ ಅಲಗು ಮಧ್ಯದಲ್ಲಿ ತಗ್ಗಿದ ಗಾಯವನ್ನು ಮಾಡುತ್ತದೆ.

ಇನ್ನು ಉಕ್ಕು ಎಲ್ಲಿಂದ ಬರಬೇಕು? ಕಬ್ಬಿಣದ ಅಂಗಡಿಯ ಸಾಮಾನ್ಯ ಪಟ್ಟಿಯಲ್ಲಿ ಇಂಗಾಲದ ಅಂಶವು ಬಹು ಕಡಮೆ. ಅದಕ್ಕೆ ಎಷ್ಟು ಹದ ಹಾಕಿದರೂ ಗಟ್ಟಿಯಾಗದು. ತಗಡಿನ ಮೇಲೆ ಸತುವಿನ ಲೇಪವಿದ್ದರೆ ಅದನ್ನು ಕುಲುಮೆಯ ಹತ್ತಿರಕ್ಕೂ ತರಬಾರದು. ಅದರ ಹೊಗೆ ಜ್ವರ ತರಿಸುತ್ತದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಒಳ್ಳೆಯ ಉಕ್ಕಾದರೂ ಈ ಕೆಲಸಕ್ಕೆ ಬಹಳ ದಪ್ಪ. ಅದು ಮಚ್ಚಿಗೂ ಕುಡುಗೋಲಿಗೂ ಇರಲಿ. ಸವೆದು ಮೂಲೆಗೆ ಬಿದ್ದ ಚಪ್ಪಟೆ ಅರವು ಎಲ್ಲಕ್ಕಿಂತ ಅನುಕೂಲವಾದದ್ದು. ಒಳ್ಳೆಯ ಅರದಲ್ಲಿ ಇಂಗಾಲವು ನೂರಕ್ಕೆ ಒಂದರಿಂದ ಒಂದೂಕಾಲು ಭಾಗದವರೆಗೆ ಇರುತ್ತದೆ. ಆದರೆ ಮೈ ಮಾತ್ರ ಗಟ್ಟಿಯಾಗಿದ್ದು ಒಳಗೆ ಮೆತು ಕಬ್ಬಿಣವಿರುವ ಅಗ್ಗದ ಅರಗಳೂ ಉಂಟು. ತಿರುಗುವ ಸಾಣೆಗೆ ಹಿಡಿದಾಗ ಕಿಡಿಗಳು ಕವಲೊಡೆದು ಹೂವಿನಂತೆ ಸಿಡಿದರೆ ಇಂಗಾಲವುಂಟು. ಉದ್ದನೆಯ ಗೆರೆಗಳಾಗಿ ಹಾರಿಹೋದರೆ ಇಲ್ಲ. ಈ ಪರೀಕ್ಷೆಯನ್ನು ಅರದ ಮೇಲ್ಮೈಯಲ್ಲಲ್ಲ, ಒಳಗಿನ ಉಕ್ಕು ಕಾಣುವಷ್ಟು ಅರೆದು ಮಾಡಬೇಕು.

ಅರವನ್ನು ನಸುಗೆಂಪಾಗುವಂತೆ ಕಾಯಿಸಿ, ಅಯಸ್ಕಾಂತವು ಅದನ್ನು ಹಿಡಿಯದೆ ಬಿಟ್ಟಮೇಲೆ, ಬಿಸಿಬೂದಿಯಲ್ಲಿ ಹೂತು ರಾತ್ರಿಯೆಲ್ಲ ಬಿಡತಕ್ಕದ್ದು. ಬೆಳಗಾಗುವ ಹೊತ್ತಿಗೆ ಅದು ಮೆತ್ತಗಾಗಿರುತ್ತದೆ.

ಇಲ್ಲಿಯೇ ಹೆಚ್ಚಿನವರು ಎಡವುವುದು. ಎಂಟು ಅಂಗುಲದ ಅರವು ಸುಮಾರು 4 ಅಥವಾ 5 ಮಿ.ಮೀ. ದಪ್ಪವಿರುವುದರಿಂದ ಅದನ್ನು ಕಮ್ಮಾರನು ಬಡಿದು ತೆಳುಮಾಡಬೇಕಾಗುತ್ತದೆ. ಹಲ್ಲುಗಳನ್ನು ಹಾಗೆಯೇ ಬಿಟ್ಟು ಬಡಿದರೆ ಅವು ಮಡಿಸಿಕೊಂಡು ಉಕ್ಕಿನೊಳಗೆ ಸೇರುತ್ತವೆ. ಹೊರಗೆ ನುಣುಪಾಗಿ ಕಂಡರೂ ಪ್ರತಿಯೊಂದು ಮಡಿಕೆಯೂ ಒಂದು ಬಿರುಕೇ. ಹದ ಹಾಕುವಾಗ ಅಲಗು ಅಲ್ಲಿಯೇ ಸೀಳುತ್ತದೆ. ಆಗ ಸೀಳದಿದ್ದರೆ ತೋಟದಲ್ಲಿ, ಹೆಬ್ಬೆರಳನ್ನು ಎದುರಿಗೊಟ್ಟು ಎಳೆಯುತ್ತಿರುವಾಗ ಮುರಿಯುತ್ತದೆ. ಆದ್ದರಿಂದ ಹಲ್ಲಿನ ಗುರುತು ಲೇಶವೂ ಉಳಿಯದಂತೆ ಎರಡು ಮೈಗಳನ್ನೂ ಅರೆದ ಮೇಲೆಯೇ ಪಟ್ಟಿಯನ್ನು ಕಮ್ಮಾರನಿಗೆ ಕೊಡತಕ್ಕದ್ದು. ಅವಸರದ ಕಮ್ಮಾರನು ಇದು ಬೇಡವೆನ್ನಬಹುದು, ಒಪ್ಪಬಾರದು.

ಬಡಿಯುವಾಗ 2 ಮಿ.ಮೀ.ವರೆಗೆ ಇಳಿಸದೆ 3 ಮಿ.ಮೀ.ಗೆ ನಿಲ್ಲಿಸಬೇಕು. ಬೆಂಕಿಯಲ್ಲಿ ಕಾದ ಉಕ್ಕಿನ ಮೇಲೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಅದರ ಕೆಳಗಿನ ಉಕ್ಕಿನಿಂದ ಇಂಗಾಲವು ಸುಟ್ಟುಹೋಗಿ ಮೆತ್ತನೆಯ ತೊಗಲೊಂದು ಉಳಿಯುತ್ತದೆ. ಈ ತೊಗಲಿನಲ್ಲಿ ಬಾಯಿ ಬಂದರೆ ಎಷ್ಟು ಮಸೆದರೂ ಹರಿತ ನಿಲ್ಲದು. ಹೆಚ್ಚಾಗಿ ಬಿಟ್ಟ ದಪ್ಪವು ಇದನ್ನು ತೆಗೆಯುವುದಕ್ಕಾಗಿಯೇ.

ಕಪ್ಪು ಹಕ್ಕಳೆಯು ಬಹು ಗಟ್ಟಿ. ಅರದಿಂದ ಉಜ್ಜಿದರೆ ಅರವೇ ಮೊಂಡಾಗುತ್ತದೆ. ಪಟ್ಟಿಯನ್ನು ವಿನಿಗರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟರೆ ಮರುದಿನ ನಾರಿನ ಕುಂಚದಿಂದ ತಿಕ್ಕಿದರೆ ಸಾಕು, ಕಳಚಿಕೊಳ್ಳುತ್ತದೆ. ತರುವಾಯ ಅಡಿಗೆ ಸೋಡದ ನೀರಿನಲ್ಲಿ ತೊಳೆದು, ಒರಸಿ, ಎಣ್ಣೆ ಸವರಬೇಕು. ಹದ ಹಾಕಿದ ಅಲಗನ್ನು ಮಾತ್ರ ಆಮ್ಲದಲ್ಲಿ ಮುಳುಗಿಸಬಾರದು. ಗಟ್ಟಿ ಉಕ್ಕು ಅದರಿಂದ ಪೆಡಸಾಗುತ್ತದೆ.

ಆಮೇಲೆ ಸಮಮಾಡುವ ಕೆಲಸ. ದಪ್ಪನಾದ ಗಾಜಿನ ಮೇಲೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿ, ಪಟ್ಟಿಯ ಚಪ್ಪಟೆ ಮಗ್ಗುಲನ್ನು ಅದರ ಮೇಲೆ ಮೆಲ್ಲನೆ ಒತ್ತಿದರೆ ಉಬ್ಬಿದ ಸ್ಥಳಗಳಿಗೆ ಮಾತ್ರ ಮಸಿ ಹತ್ತುತ್ತದೆ. ಅಷ್ಟನ್ನೇ ಉಜ್ಜಿ, ಮತ್ತೆ ಒತ್ತಿ ನೋಡಬೇಕು. ಮಸಿಯು ಎಲ್ಲೆಡೆಯೂ ಹರಡಿ ಹತ್ತುವವರೆಗೆ ಬಿಡಬಾರದು. ಬೇಸರದ ಕೆಲಸವೆಂಬುದು ನಿಜ, ಆದರೆ ಕಸಿ ಕೂಡುವುದೂ ಕೂಡದಿರುವುದೂ ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತದೆ. ಇಳಿಜಾರನ್ನು ಅರೆದ ಮೇಲೆ 120, 220, 400ನೆಯ ನಂಬರಿನ ಉಪ್ಪುಕಾಗದಗಳಿಂದ ಕ್ರಮವಾಗಿ ತಿಕ್ಕತಕ್ಕದ್ದು. ಕಡೆಯ ಗೆರೆಗಳು ಅಲಗಿನ ಉದ್ದಕ್ಕೆ ಇರಬೇಕು. ಬಾಯಿಗೆ ಅಡ್ಡಲಾಗಿ ಆಳವಾದ ಗೆರೆಯೊಂದು ಉಳಿದರೂ ಹದ ಹಾಕುವಾಗ ಬಿರುಕು ಅಲ್ಲಿಂದ ಹೊರಡಬಹುದು. ಬಾಯನ್ನು ಈಗಲೇ ಹರಿತಮಾಡದೆ ಸುಮಾರು ಅರ್ಧ ಮಿ.ಮೀ. ದಪ್ಪ ಬಿಡಬೇಕು, ತೀರ ತೆಳ್ಳಗಾದ ಬಾಯಿ ಬೆಂಕಿಯಲ್ಲಿ ಸುಟ್ಟು ಸುರುಟಿಕೊಳ್ಳುತ್ತದೆ.

ಕುಲುಮೆಯ ಕೆಂಪನ್ನು ನೆರಳಿನಲ್ಲಿಯೇ ನೋಡಬೇಕು. ಬಿಸಿಲಿನಲ್ಲಿ ಕಣ್ಣು ಮೋಸಹೋಗುತ್ತದೆ. ಅಯಸ್ಕಾಂತವು ಬಿಡುವುದು ಸುಮಾರು 770 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಅದಕ್ಕಿಂತ ತುಸು ಹೆಚ್ಚಾಗಿ ಕಾಯಿಸಿ, ಉಗುರುಬೆಚ್ಚಗೆ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ತುದಿಯಿಂದ ನೆಟ್ಟಗೆ ಇಳಿಸಬೇಕು. ಎಣ್ಣೆ ಹತ್ತಿಕೊಳ್ಳುವುದುಂಟಾದಕಾರಣ ಪಾತ್ರೆಯ ಮುಚ್ಚಳ ಕೈಗೆಟುಕುವಂತಿರಲಿ. ಈಗ ಅಲಗು ಗಾಜಿನಂತೆ ಪೆಡಸು. ಕಪ್ಪನ್ನು ಉಪ್ಪುಕಾಗದದಿಂದ ತಿಕ್ಕಿ ಬೆಳ್ಳಗೆ ಹೊಳೆಯುವಂತೆ ಮಾಡಿ, ಬೆನ್ನಿನ ಕಡೆಯಿಂದ ನಿಧಾನವಾಗಿ ಕಾಯಿಸಿದರೆ ಒಣಹುಲ್ಲಿನ ಬಣ್ಣವು ಬೆನ್ನಿನಿಂದ ಬಾಯಿಗೆ ಹರಿದುಬರುತ್ತದೆ. ಬಾಯಿಯಲ್ಲಿ ಅದು ಕಂಡೊಡನೆ, ಎಂದರೆ ಸುಮಾರು 220ರಿಂದ 230 ಡಿಗ್ರಿಯಲ್ಲಿ, ನಿಲ್ಲಿಸತಕ್ಕದ್ದು. ನೀಲಿ ಬರುವವರೆಗೆ ಬಿಟ್ಟರೆ ಬಾಯಿ ಮೆತ್ತಗಾಗುತ್ತದೆ. ಕೊಳೆಯಾದ ಮೈಯ ಮೇಲೆ ಈ ಬಣ್ಣಗಳು ಕಾಣಿಸುವುದೇ ಇಲ್ಲ.

ಹಿಡಿ ಕೂರಿಸುವ ಮೊದಲು ಬಿರುಕಿನ ಪರೀಕ್ಷೆಯನ್ನು ಮಾಡಬೇಕು. ಅಲಗನ್ನು ಸೀಮೆಎಣ್ಣೆಯಲ್ಲಿ ಸ್ವಲ್ಪ ಹೊತ್ತು ನೆನೆಯಿಟ್ಟು, ಚೆನ್ನಾಗಿ ಒರಸಿ, ಸೀಮೆಸುಣ್ಣದ ನುಣುಪಾದ ಪುಡಿಯನ್ನು ಬಳಿದು ಬಿಟ್ಟರೆ, ಬಿರುಕಿನೊಳಗೆ ಹೊಕ್ಕ ಎಣ್ಣೆಯು ಹೊರಕ್ಕೆ ಊರಿ ಪುಡಿಯ ಮೇಲೆ ಕಪ್ಪನೆಯ ಕೂದಲೆಳೆಯಂತೆ ತೋರುತ್ತದೆ. ಅಂಥ ಅಲಗಿನ ಮೇಲೆ ಎಷ್ಟೇ ದಿನದ ಶ್ರಮ ಬಿದ್ದಿರಲಿ, ಅದನ್ನು ಮುರಿದು ಎಸೆಯಬೇಕು. ಗೆರೆ ಕಾಣದಿದ್ದರೆ ಹಿಡಿ ಕೂರಿಸಿ, ನುಣ್ಣನೆಯ ಸಾಣೆಕಲ್ಲಿನ ಮೇಲೆ ಇಳಿಜಾರಿನ ಮಗ್ಗುಲನ್ನು ಮಾತ್ರ ಮಸೆದು, ಚಪ್ಪಟೆಯ ಮಗ್ಗುಲನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಒಂದೆರಡು ಸಲ ಎಳೆದು, ಎದ್ದ ಸಿವುಡನ್ನು ತೆಗೆಯತಕ್ಕದ್ದು. ಮಾವಿನ ಸೊನೆಯು ಉಕ್ಕನ್ನು ತಿನ್ನುವುದರಿಂದ ದಿನದ ಕೆಲಸ ಮುಗಿದೊಡನೆ ಅಲಗನ್ನು ಒರಸಿ ಎಣ್ಣೆ ಸವರಿಡಬೇಕು.